ನೆಟ್ ಇಲ್ಲದ ದಿನ ತಲುಪಿದ ಸಂದೇಶ: ಸ್ಥಳೀಯ ಜಾಲವನ್ನು ಕಲಿಸಿದ ಅನುಭವ

ಅಭ್ಯಾಸ ಬೋಧನೆಗೆ ನನಗೆ ಹಂಚಿಕೆಯಾಗಿದ್ದು ಮುರುಗಮಲ್ಲದ ಸುತ್ತಿನ ಒಂದು ಸರ್ಕಾರಿ ಪ್ರೌಢಶಾಲೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ಗಣಿತದ ಜೊತೆಗೆ ಗಣಕ ವಿಜ್ಞಾನವನ್ನೂ ಓದಿದ್ದರಿಂದ ಒಂಬತ್ತನೇ ತರಗತಿಯ ಕಂಪ್ಯೂಟರ್ ಅವಧಿಯೂ ನನ್ನ ಪಾಲಿಗೆ ಬಂತು. ಪಾಠದ ಹೆಸರು ‘ಕಂಪ್ಯೂಟರ್ ಜಾಲಗಳು’. ಪ್ರಯೋಗಾಲಯದಲ್ಲಿ ಹತ್ತು ಕಂಪ್ಯೂಟರ್‌ಗಳಿದ್ದವು, ಏಳು ಕೆಲಸ ಮಾಡುತ್ತಿದ್ದವು. ಒಂದು ಕಂಪ್ಯೂಟರಿನಿಂದ ಇಮೇಲ್ ಕಳಿಸಿ ಇನ್ನೊಂದರಲ್ಲಿ ತೆರೆದು ತೋರಿಸುವುದು ನನ್ನ ಪಾಠ ಯೋಜನೆ.

ಪಾಠದ ದಿನ ಇಂಟರ್ನೆಟ್ ಬರಲಿಲ್ಲ. ಹತ್ತು ನಿಮಿಷ ಕಾದೆ. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ನೆಟ್ ಇಲ್ಲ ಅಂದ್ಮೇಲೆ ಕಂಪ್ಯೂಟರ್ ಆನ್ ಮಾಡಿ ಏನ್ ಉಪಯೋಗ ಮಿಸ್?” ಎಂದ. ತರಗತಿ ನಕ್ಕಿತು. ನಾನು ಕಪ್ಪುಹಲಗೆಗೆ ತಿರುಗಿ ಲ್ಯಾನ್, ಮ್ಯಾನ್, ವ್ಯಾನ್‌ಗಳ ವ್ಯಾಖ್ಯೆ ಬರೆಸಿದೆ. ಮಕ್ಕಳು ಬರೆದುಕೊಂಡರು, ಗಂಟೆ ಹೊಡೆಯಿತು. ನನ್ನ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: “ವ್ಯಾಖ್ಯೆಗಳು ಸರಿಯಾಗಿವೆ, ಆದರೆ ಏಳು ಕಂಪ್ಯೂಟರ್‌ಗಳಿದ್ದ ಕೋಣೆಯಲ್ಲಿ ಒಂದೇ ಒಂದು ಸಂದೇಶವೂ ಹೋಗಲಿಲ್ಲ.”

ಆ ರಾತ್ರಿ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಆ ಏಳು ಕಂಪ್ಯೂಟರ್‌ಗಳೂ ತಂತಿಯಿಂದ ಒಂದಕ್ಕೊಂದು ಸೇರಿಯೇ ಇದ್ದವು. ಅವುಗಳ ನಡುವೆ ಸಂದೇಶ ಹೋಗಲು ಇಂಟರ್ನೆಟ್ ಬೇಕೇ ಇರಲಿಲ್ಲ. ಇದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ತರಗತಿಯಲ್ಲಿ ನಿಂತಾಗ ನಾನೂ ಆ ಹುಡುಗನಂತೆಯೇ ಯೋಚಿಸಿದ್ದೆ: ಜಾಲವೆಂದರೆ ಇಂಟರ್ನೆಟ್, ಇಂಟರ್ನೆಟ್ ಇಲ್ಲದಿದ್ದರೆ ಜಾಲವಿಲ್ಲ. ಈ ತಪ್ಪು ತಿಳಿವಳಿಕೆಯನ್ನು ಬಿಡಿಸಲು ಮುಂದಿನ ಎರಡು ಅವಧಿಗಳಲ್ಲಿ ಏನು ಮಾಡಿದೆ, ಅದರ ಹಿಂದಿನ ವಿಜ್ಞಾನವೇನು, ಮತ್ತು ಎಲ್ಲಿ ಮತ್ತೊಮ್ಮೆ ಎಡವಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಜಾಲ ಮೊದಲು, ಇಂಟರ್ನೆಟ್ ಆಮೇಲೆ

ಒಂದೇ ಕಟ್ಟಡದೊಳಗೆ ಇರುವ ಕಂಪ್ಯೂಟರ್‌ಗಳನ್ನು ಜೋಡಿಸುವ ಜಾಲವೇ ಸ್ಥಳೀಯ ಜಾಲ, ಅಂದರೆ ಲ್ಯಾನ್. ಶಾಲೆಯ ಪ್ರಯೋಗಾಲಯ, ಬ್ಯಾಂಕಿನ ಶಾಖೆ, ತಾಲ್ಲೂಕು ಕಚೇರಿ, ಎಲ್ಲೆಲ್ಲೂ ಇರುವುದು ಇದೇ. ಇಂದು ಹೆಚ್ಚಿನ ಕಡೆ ಬಳಕೆಯಲ್ಲಿರುವ ತಂತಿ ಜಾಲದ ಪದ್ಧತಿಗೆ ಈಥರ್‌ನೆಟ್ ಎಂದು ಹೆಸರು. ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ 1973ರ ಮೇ 22ರಂದು ಬರೆದ ಟಿಪ್ಪಣಿಯಲ್ಲಿ ಇದರ ಕಲ್ಪನೆ ಮೂಡಿತು. ಒಂದೇ ಕಟ್ಟಡದ ಕಂಪ್ಯೂಟರ್‌ಗಳನ್ನೂ ಮುದ್ರಣ ಯಂತ್ರವನ್ನೂ ಜೋಡಿಸಬೇಕೆಂಬ ಕಚೇರಿಯ ಅಗತ್ಯದಿಂದ ಅದು ಬೆಳೆಯಿತು. ಇಂದಿನ ಇಂಟರ್ನೆಟ್ಟಿಗೆ ಆಧಾರವಾದ ಟಿಸಿಪಿ/ಐಪಿ ನಿಯಮಗಳಿಗೆ ಅರ್ಪಾನೆಟ್ ಬದಲಾದದ್ದು 1983ರ ಜನವರಿ 1ರಂದು, ಸುಮಾರು ಹತ್ತು ವರ್ಷಗಳ ನಂತರ.

ವಿಜ್ಞಾನದ ಪ್ರಶಿಕ್ಷಣಾರ್ಥಿಗಳಿಗೆ ಹೆಸರಿನ ಕಥೆ ಇಷ್ಟವಾದೀತು. ಬೆಳಕು ಚಲಿಸಲು ಎಲ್ಲೆಡೆ ಹರಡಿರುವ ‘ಈಥರ್’ ಎಂಬ ಮಾಧ್ಯಮ ಬೇಕೆಂದು ಹಿಂದೆ ನಂಬಿದ್ದರು. 1887ರ ಮೈಕೆಲ್ಸನ್–ಮಾರ್ಲೆ ಪ್ರಯೋಗದಲ್ಲಿ ಅದರ ಸುಳಿವೇ ಸಿಗಲಿಲ್ಲ. ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾಗಿ ಸಂಕೇತ ಸಾಗಿಸುವ ತಂತಿಗೆ ಮೆಟ್‌ಕಾಫ್ ಆ ಹಳೆಯ ಹೆಸರನ್ನೇ ಇಟ್ಟರು.

ಮಕ್ಕಳೇ ಜಾಲವಾದ ಅವಧಿ

ಎರಡನೇ ಅವಧಿಯಲ್ಲಿ ಕಂಪ್ಯೂಟರ್ ಮುಟ್ಟಲೇ ಇಲ್ಲ. ಏಳು ಮಕ್ಕಳನ್ನು ಅರ್ಧ ವೃತ್ತದಲ್ಲಿ ಏಳು ಬೆಂಚುಗಳ ಮೇಲೆ ಕೂರಿಸಿದೆ. ಪ್ರತಿ ಮಗುವಿನ ಎದೆಯ ಮೇಲೆ ಹಾಜರಿ ಸಂಖ್ಯೆಯ ಚೀಟಿ. ಪ್ರತಿ ಬೆಂಚಿಗೆ ಅಂಟಿಸಿದ ಇನ್ನೊಂದು ಚೀಟಿಯಲ್ಲಿ ಒಂದು ಬೆಳೆಯ ಅಥವಾ ಮರದ ಹೆಸರು: ರಾಗಿ, ಟೊಮೆಟೊ, ಹಿಪ್ಪುನೇರಳೆ, ಮಾವು, ಹುಣಸೆ, ನೆಲಗಡಲೆ, ಅವರೆ. ಬೆಂಚಿನ ಹೆಸರನ್ನು ಅಲ್ಲಿ ಕೂತವರು ಮಾತ್ರ ನೋಡಬಹುದು. ನಡುವೆ ನಿಂತ ಹುಡುಗಿಯ ಕೈಯಲ್ಲಿ ಖಾಲಿ ಪುಸ್ತಕ. ಅವಳ ಹೆಸರು ‘ಸ್ವಿಚ್’. ಸ್ವಿಚ್ ಎಂದ ಕೂಡಲೇ ಅರ್ಧ ತರಗತಿ ಗೋಡೆಯ ಫ್ಯಾನ್ ಸ್ವಿಚ್ಚಿನ ಕಡೆ ನೋಡಿತು. ಈ ಗೊಂದಲ ಮುಂದೆಯೂ ಬರುತ್ತದೆ. ಆದ್ದರಿಂದ ಪ್ರಯೋಗಾಲಯದ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತಿದ್ದ, ತಂತಿಗಳೆಲ್ಲ ಬಂದು ಸೇರುವ ಪುಟ್ಟ ಪೆಟ್ಟಿಗೆಯನ್ನು ತೋರಿಸಿ, “ಇದು ಜಾಲದ ಸ್ವಿಚ್” ಎಂದು ಮೊದಲೇ ಬೇರ್ಪಡಿಸಿಕೊಳ್ಳುವುದು ಒಳ್ಳೆಯದು.

ಆಟದ ಗುರಿ ಸರಳ. 6ನೇ ಸಂಖ್ಯೆಯ ಹುಡುಗ 14ನೇ ಸಂಖ್ಯೆಯವರಿಗೆ ಒಂದು ಚೀಟಿ ಕಳಿಸಬೇಕು. ತಾನು ಎದ್ದು ಹೋಗುವಂತಿಲ್ಲ. ಚೀಟಿ ಒಯ್ಯುವ ಸ್ವಿಚ್ ಹುಡುಗಿಗೆ ಹಾಜರಿ ಸಂಖ್ಯೆಗಳು ಅರ್ಥವಾಗುವುದಿಲ್ಲ, ಬೆಳೆಗಳ ಹೆಸರು ಮಾತ್ರ ಅರ್ಥವಾಗುತ್ತದೆ. ಹಾಗಾದರೆ 14 ಯಾವ ಬೆಳೆಯ ಬೆಂಚಿನಲ್ಲಿದೆ ಎಂದು 6ಕ್ಕೆ ತಿಳಿಯುವುದು ಹೇಗೆ?

ಐದು ನಿಮಿಷ ಯೋಚಿಸಿದ ಮೇಲೆ ಹಿಂದಿನ ಸಾಲಿನಿಂದ ಉತ್ತರ ಬಂತು. “ದರ್ಗಾದಲ್ಲಿ ಉರುಸ್ ಟೈಮಲ್ಲಿ ಮಗು ತಪ್ಪಿಸ್ಕೊಂಡ್ರೆ ಮೈಕಲ್ಲಿ ಕೂಗ್ತಾರಲ್ಲ ಮಿಸ್, ಹಂಗೆ ಎಲ್ರನ್ನೂ ಕೇಳ್ಬಿಡೋದು.” ಮುರುಗಮಲ್ಲದ ದರ್ಗಾ ಕಂಡವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಮೈಕಿನ ಕೂಗು ಎಲ್ಲರ ಕಿವಿಗೂ ಬೀಳುತ್ತದೆ. ಮಗುವಿನ ತಂದೆತಾಯಿ ಮಾತ್ರ ಓಡಿಬರುತ್ತಾರೆ. 6ನೇ ಸಂಖ್ಯೆಯವನು ಸ್ವಿಚ್ ಹುಡುಗಿಯ ಮೂಲಕ ಎಲ್ಲರಿಗೂ ಕೇಳಿಸಿದ: “ನಾನು 6, ನನ್ನ ಬೆಂಚು ರಾಗಿ. 14 ಯಾರು?” ಉಳಿದವರು ಸುಮ್ಮನಿದ್ದರು. 14 ಮಾತ್ರ ರಾಗಿಗೆ ಉತ್ತರ ಕಳಿಸಿದಳು: “ನಾನೇ 14, ನನ್ನ ಬೆಂಚು ಹುಣಸೆ.” ಅಷ್ಟರಲ್ಲಿ ಸ್ವಿಚ್ ಹುಡುಗಿ ತನ್ನ ಖಾಲಿ ಪುಸ್ತಕದಲ್ಲಿ ಎರಡು ಸಾಲು ಬರೆದುಕೊಂಡಿದ್ದಳು: ರಾಗಿ ಎಡದಿಂದ ಮೊದಲ ಜಾಗ, ಹುಣಸೆ ಐದನೆಯ ಜಾಗ. ಮುಂದಿನ ಚೀಟಿ ನೇರವಾಗಿ ಹುಣಸೆಗೆ ಹೋಯಿತು, ಬೇರೆ ಯಾರಿಗೂ ತೊಂದರೆಯಾಗಲಿಲ್ಲ.

ಯಂತ್ರದೊಳಗೆ ನಡೆಯುವುದೂ ಇದೇ

ಆಟದ ಪ್ರತಿಯೊಂದು ಹೆಜ್ಜೆಗೂ ಯಂತ್ರದಲ್ಲಿ ಒಂದು ಜೊತೆ ಇದೆ.

ಹಾಜರಿ ಸಂಖ್ಯೆ ಎಂದರೆ ಐಪಿ ವಿಳಾಸ. ನಮ್ಮ ಪ್ರಯೋಗಾಲಯದಲ್ಲಿ 192.168.1.11ರಿಂದ 192.168.1.17ರವರೆಗೆ ಕೊಟ್ಟಿದ್ದರು. ತರಗತಿ ಬದಲಾದರೆ ಹಾಜರಿ ಸಂಖ್ಯೆ ಬದಲಾಗುವಂತೆ ಜಾಲ ಬದಲಾದರೆ ಐಪಿ ವಿಳಾಸವೂ ಬದಲಾಗುತ್ತದೆ. 192.168ರಿಂದ ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲು. ಅದಕ್ಕೇ ನಮ್ಮ ಶಾಲೆಯಲ್ಲಿರುವ ವಿಳಾಸವೇ ಚಿಂತಾಮಣಿಯ ಯಾವುದೋ ಅಂಗಡಿಯಲ್ಲೂ ಇರಬಹುದು, ಜಗಳವಿಲ್ಲ. ನಮ್ಮಲ್ಲೂ ಇದೆ 14ನೇ ಹಾಜರಿ ಸಂಖ್ಯೆ, ಪಕ್ಕದ ಊರಿನ ಶಾಲೆಯಲ್ಲೂ ಇದೆ.

ಬೆಂಚಿನ ಮೇಲೆ ಅಂಟಿಸಿದ ಬೆಳೆಯ ಹೆಸರು ಎಂದರೆ ಮ್ಯಾಕ್ ವಿಳಾಸ. ಕಂಪ್ಯೂಟರಿಗೆ ತಂತಿ ಸೇರುವ ಜಾಗದಲ್ಲಿರುವ ಬಿಡಿಭಾಗಕ್ಕೆ ತಯಾರಕರೇ ಕೊಡುವ 48 ಬಿಟ್‌ಗಳ ಗುರುತು ಅದು. ಸಾಮಾನ್ಯವಾಗಿ ಅದರ ಮೊದಲ 24 ಬಿಟ್‌ಗಳು ತಯಾರಕ ಕಂಪನಿಯನ್ನು ಸೂಚಿಸುತ್ತವೆ.

“14 ಯಾರು?” ಎಂಬ ಕೂಗು ಎಂದರೆ ಎಆರ್‌ಪಿ. ಐಪಿ ವಿಳಾಸದಿಂದ ಮ್ಯಾಕ್ ವಿಳಾಸವನ್ನು ಪತ್ತೆ ಮಾಡುವ ಈ ನಿಯಮ 1982ರಲ್ಲಿ ಪ್ರಕಟವಾಯಿತು. ಕೂಗನ್ನು 48 ಬಿಟ್‌ಗಳೂ 1 ಆಗಿರುವ ಒಂದು ವಿಶೇಷ ವಿಳಾಸಕ್ಕೆ ಕಳಿಸುತ್ತಾರೆ. ಅದನ್ನು ಕಂಡ ಸ್ವಿಚ್ ಎಲ್ಲರಿಗೂ ಹಂಚುತ್ತದೆ. ಉತ್ತರ ಮಾತ್ರ ಕೇಳಿದವರೊಬ್ಬರಿಗೇ ಬರುತ್ತದೆ. ಬಂದ ಉತ್ತರವನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತದೆ, ಪ್ರತಿ ಸಲವೂ ಕೂಗುವುದಿಲ್ಲ.

ಖಾಲಿ ಪುಸ್ತಕ ಎಂದರೆ ಸ್ವಿಚ್ಚಿನ ಕೋಷ್ಟಕ. ಯಾವ ತೂತಿನಿಂದ ಯಾವ ಮ್ಯಾಕ್ ವಿಳಾಸದ ಸಂದೇಶ ಬಂತೆಂದು ನೋಡಿ ನೋಡಿ ಅದು ತಾನೇ ಕಲಿಯುತ್ತದೆ. ಗೊತ್ತಿಲ್ಲದ ವಿಳಾಸ ಬಂದರೆ, ಬಂದ ತೂತೊಂದನ್ನು ಬಿಟ್ಟು ಉಳಿದೆಲ್ಲ ಕಡೆಗೂ ಕಳಿಸುತ್ತದೆ. ಹಿಂದೆ ಬಳಕೆಯಲ್ಲಿದ್ದ ‘ಹಬ್’ ಎಂಬ ಪೆಟ್ಟಿಗೆಗೆ ಪುಸ್ತಕವೇ ಇರಲಿಲ್ಲ, ಅದು ಪ್ರತಿಯೊಂದನ್ನೂ ಎಲ್ಲರಿಗೂ ಕೊಡುತ್ತಿತ್ತು. ಟೊಮೆಟೊ ಮಂಡಿಯ ಹರಾಜಿಗೆ ಅಪ್ಪನ ಜೊತೆ ಹೋಗಿಬಂದ ಹುಡುಗನೊಬ್ಬ ಇದನ್ನು ತನ್ನ ಮಾತಿನಲ್ಲಿ ಹೇಳಿದ: “ಹಬ್ ಅಂದ್ರೆ ರೇಟು ಕೂಗೋದು, ಸ್ವಿಚ್ ಅಂದ್ರೆ ಚೀಟಿ ಬರ್ದು ಕೈಗೆ ಕೊಡೋದು.” ನನ್ನ ವ್ಯಾಖ್ಯೆಗಿಂತ ಇದು ಚೆನ್ನಾಗಿದೆ.

ಇಷ್ಟೆಲ್ಲ ಆದ ಮೇಲೆ ಮೊದಲ ದಿನದ ಪ್ರಶ್ನೆಯನ್ನು ಮತ್ತೆ ಇಟ್ಟೆ: ಈ ಆಟದಲ್ಲಿ ಇಂಟರ್ನೆಟ್ ಎಲ್ಲಿತ್ತು? ಎಲ್ಲೂ ಇರಲಿಲ್ಲ. ಸಂದೇಶ ಕಳಿಸುವ ಮೊದಲು ಕಂಪ್ಯೂಟರ್ ತನ್ನ ವಿಳಾಸವನ್ನೂ ಎದುರಿನವರ ವಿಳಾಸವನ್ನೂ ಹೋಲಿಸುತ್ತದೆ. ನಮ್ಮ ಪ್ರಯೋಗಾಲಯದಲ್ಲಿದ್ದ 255.255.255.0 ಎಂಬ ಮಾಸ್ಕ್ ಪ್ರಕಾರ ಮೊದಲ ಮೂರು ಭಾಗಗಳು ಒಂದೇ ಆಗಿದ್ದರೆ ‘ನಮ್ಮ ಬೀದಿಯವರೇ’ ಎಂದರ್ಥ, ನೇರವಾಗಿ ಕಳಿಸುತ್ತದೆ. ಬೇರೆಯಾಗಿದ್ದರೆ ಮಾತ್ರ ಊರಬಾಗಿಲಿಗೆ, ಅಂದರೆ ರೂಟರ್‌ಗೆ ಒಪ್ಪಿಸುತ್ತದೆ. ಅಂದು ಮುಚ್ಚಿದ್ದು ಊರಬಾಗಿಲು. ಪಕ್ಕದ ಮನೆಗೆ ಹೋಗಲು ಊರಬಾಗಿಲು ತೆರೆದಿರಬೇಕಿಲ್ಲ. ಆದರೆ ಸ್ವಿಚ್ಚಿಗೆ ಕರೆಂಟ್ ಬೇಕೇ ಬೇಕು. ಅದು ಹೋದರೆ ಬೀದಿಯೂ ಇಲ್ಲ.

ಕನ್ನಡದ ಒಂದು ಪದ ತಂತಿಯಲ್ಲಿ

ಗಣಿತದ ಅವಧಿಯಂತೆ ಒಂದು ಲೆಕ್ಕವನ್ನೂ ಮಾಡಿಸಿದೆ. ‘ನಮಸ್ಕಾರ’ ಎಂಬ ಪದ ತಂತಿಯಲ್ಲಿ ಎಷ್ಟು ಜಾಗ ಹಿಡಿಯುತ್ತದೆ?

ಯುನಿಕೋಡ್‌ನಲ್ಲಿ ಇದು ಏಳು ಸಂಕೇತಗಳು: ನ, ಮ, ಸ, ವಿರಾಮ ಚಿಹ್ನೆ, ಕ, ದೀರ್ಘದ ಚಿಹ್ನೆ, ರ. ಕಣ್ಣಿಗೆ ಕಾಣುವ ಅಕ್ಷರಗಳು ನಾಲ್ಕೇ. ಒತ್ತಕ್ಷರ ಮತ್ತು ಕಾಗುಣಿತ ಒಡೆದು ನಿಲ್ಲುವುದನ್ನು ಕಂಡು ಮಕ್ಕಳಿಗೆ ಆಶ್ಚರ್ಯವಾಯಿತು, ಜೊತೆಗೆ ಕನ್ನಡ ವ್ಯಾಕರಣದ ಪಾಠವೂ ಆಯಿತು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಆದ್ದರಿಂದ 7 × 3 = 21 ಬೈಟ್.

ಈ 21 ಬೈಟ್ ಬರಿಗೈಯಲ್ಲಿ ಹೋಗುವುದಿಲ್ಲ, ಲಕೋಟೆಯೊಳಗೆ ಲಕೋಟೆ. ಮೊದಲು ಯಾವ ತಂತ್ರಾಂಶಕ್ಕೆ ತಲುಪಬೇಕೆಂದು ಹೇಳುವ ಪೋರ್ಟ್ ಸಂಖ್ಯೆಯಿರುವ ಯುಡಿಪಿ ಲಕೋಟೆ, 8 ಬೈಟ್. ಅದರ ಮೇಲೆ ಐಪಿ ವಿಳಾಸಗಳ ಲಕೋಟೆ, 20 ಬೈಟ್. ಅದರ ಮೇಲೆ ಮ್ಯಾಕ್ ವಿಳಾಸಗಳ ಲಕೋಟೆ, 14 ಬೈಟ್. ಕೊನೆಯಲ್ಲಿ ದಾರಿಯಲ್ಲಿ ಏನಾದರೂ ಕೆಟ್ಟಿತೇ ಎಂದು ಪರೀಕ್ಷಿಸುವ 4 ಬೈಟ್. ಒಟ್ಟು 67. ಸೆಕೆಂಡಿಗೆ 100 ಮೆಗಾಬಿಟ್ ವೇಗದ ಜಾಲದಲ್ಲಿ ಇದನ್ನು ತಂತಿಗೆ ಏರಿಸಲು ಸುಮಾರು 5 ಮೈಕ್ರೊಸೆಕೆಂಡ್ ಸಾಕು.

‘ಬಾ’ ಎಂದಷ್ಟೇ ಕಳಿಸಿದರೆ? 2 ಸಂಕೇತ, 6 ಬೈಟ್, ಲಕೋಟೆಗಳೊಂದಿಗೆ 52. ಆದರೆ ಈಥರ್‌ನೆಟ್ 64 ಬೈಟ್‌ಗಿಂತ ಚಿಕ್ಕ ಕಟ್ಟನ್ನು ಒಪ್ಪುವುದಿಲ್ಲ. ಆದ್ದರಿಂದ 12 ಬೈಟ್ ಖಾಲಿ ತುಂಬಿ ಕಳಿಸುತ್ತದೆ. ದೊಡ್ಡದಕ್ಕೂ ಮಿತಿಯಿದೆ: ಮ್ಯಾಕ್ ಲಕೋಟೆಯೊಳಗೆ 1500 ಬೈಟ್. ಅದರಲ್ಲಿ ಐಪಿ ಮತ್ತು ಯುಡಿಪಿ ಲಕೋಟೆಗಳ 28 ಕಳೆದರೆ ಉಳಿಯುವ 1472 ಬೈಟ್‌ನಲ್ಲಿ ಸುಮಾರು 490 ಕನ್ನಡ ಸಂಕೇತಗಳು ಹಿಡಿಯುತ್ತವೆ. ಅದಕ್ಕಿಂತ ಉದ್ದದ ಸಂದೇಶ ಹಲವು ಕಟ್ಟುಗಳಾಗಿ ಹೋಗುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆ. ನಮ್ಮ ಕಚೇರಿಗಳಲ್ಲಿ, ಶಾಲೆಗಳಲ್ಲಿ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಕಡತಗಳು ಇನ್ನೂ ಇವೆ. ಅವು ಯುನಿಕೋಡ್ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಅಕ್ಷರಶೈಲಿ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಅಂಥ ಕಡತದಿಂದ ಒಂದು ಸಾಲು ನಕಲಿಸಿ ಸಂದೇಶವಾಗಿ ಕಳಿಸಿದೆ. ಎದುರಿನ ಪರದೆಯಲ್ಲಿ ಬಂದದ್ದು ಅರ್ಥವಿಲ್ಲದ ಅಕ್ಷರಗಳ ಸಾಲು. ಜಾಲದ ತಪ್ಪೇನೂ ಇರಲಿಲ್ಲ, ಕಳಿಸಿದ್ದನ್ನೇ ಅದು ತಲುಪಿಸಿತ್ತು. ನುಡಿಯ ಯುನಿಕೋಡ್ ಆಯ್ಕೆಯಲ್ಲಿ ಬೆರಳಚ್ಚು ಮಾಡಿದಾಗ ಸರಿಯಾಯಿತು.

ಕಂಪ್ಯೂಟರಿನ ಮುಂದೆ

ಮೂರನೇ ಅವಧಿಗೆ ಐಪಿ ಮೆಸೆಂಜರ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ತಂದು, ಶಾಲೆಯ ಒಪ್ಪಿಗೆ ಪಡೆದು ಏಳೂ ಕಂಪ್ಯೂಟರ್‌ಗಳಿಗೆ ಹಾಕಿದೆ. ಸ್ಥಳೀಯ ಜಾಲದಲ್ಲಿ ಸಂದೇಶ ಕಳಿಸಲೆಂದೇ ಮಾಡಿದ ಇದಕ್ಕೆ ನಡುವೆ ಸರ್ವರ್ ಬೇಕಿಲ್ಲ. ತೆರೆದೊಡನೆ ‘ನಾನು ಬಂದಿದ್ದೇನೆ’ ಎಂದು ಜಾಲಕ್ಕೆಲ್ಲ ಸಾರುತ್ತದೆ, ಉಳಿದ ಕಂಪ್ಯೂಟರ್‌ಗಳು ಉತ್ತರಿಸುತ್ತವೆ, ಹೆಸರುಗಳ ಪಟ್ಟಿ ಮೂಡುತ್ತದೆ. ಮತ್ತೆ ಅದೇ ಮೈಕಿನ ಕೂಗು! ಅದರ ಪೋರ್ಟ್ ಸಂಖ್ಯೆ 2425.

ಸಂದೇಶ ಕಳಿಸುವ ಮೊದಲು ‘ಪಿಂಗ್’ ಆದೇಶದಿಂದ ದಾರಿ ತೆರೆದಿದೆಯೇ ಎಂದು ನೋಡಿಸಿದೆ. ಎರಡು ಕಂಪ್ಯೂಟರ್‌ಗಳಿಂದ ಉತ್ತರ ಬರಲಿಲ್ಲ. ತಂತಿ ಕೆಟ್ಟಿದೆ ಎಂದು ಮಕ್ಕಳು ತೀರ್ಮಾನಿಸಿದರು. ಆದರೆ ಎಆರ್‌ಪಿ ಕೋಷ್ಟಕ ತೆರೆದು ನೋಡಿದಾಗ ಆ ಎರಡರ ಮ್ಯಾಕ್ ವಿಳಾಸವೂ ಅಲ್ಲಿತ್ತು. ಅಂದರೆ ‘14 ಯಾರು?’ ಎಂದು ಕೂಗಿದ್ದಕ್ಕೆ ಉತ್ತರ ಬಂದಿದೆ, ತಂತಿ ಸರಿಯಿದೆ. ಪಿಂಗ್ ಅನ್ನು ತಡೆದದ್ದು ಆ ಕಂಪ್ಯೂಟರ್‌ಗಳ ಫೈರ್‌ವಾಲ್. ಒಂದು ಸಾಕ್ಷ್ಯ ಸಿಗದಿದ್ದಾಗ ಇನ್ನೊಂದು ಸಾಕ್ಷ್ಯ ಹುಡುಕುವುದು ವಿಜ್ಞಾನದ ಪಾಠ. ಆ ಹತ್ತು ನಿಮಿಷ ನನಗೆ ಅತ್ಯಂತ ಸಮಾಧಾನ ಕೊಟ್ಟಿತು.

ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗನಿಗೇ ಮೊದಲ ಸಂದೇಶ ಕಳಿಸಲು ಹೇಳಿದೆ. ‘ನೆಟ್ ಇಲ್ಲದೆ ಬಂದೆ’ ಎಂದು ಬರೆದ. ಆ ದಿನವೂ ಶಾಲೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಸಂದೇಶ ಎದುರಿನ ಪರದೆಯ ಮೇಲೆ ಮೂಡಿದಾಗ ತರಗತಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕೋಣೆಯಿಂದ ಶಿಕ್ಷಕರು ಬಂದು ನೋಡಿದರು.

ನಾನು ಕೇಳಿಸಿಕೊಳ್ಳದ ಪ್ರಶ್ನೆ

ಪಾಠ ಇಲ್ಲಿಗೆ ಮುಗಿದಿದ್ದರೆ ಈ ಲೇಖನವೂ ಇಲ್ಲಿಗೇ ಮುಗಿಯುತ್ತಿತ್ತು.

ಚೀಟಿ ಆಟದ ದಿನ 21ನೇ ಸಂಖ್ಯೆಯ ಹುಡುಗಿ ಕೇಳಿದ್ದಳು: “14 ಅಲ್ಲದೋರು ‘ನಾನೇ 14’ ಅಂತ ಕೈ ಎತ್ತಿದ್ರೆ ಏನ್ ಮಾಡೋದು ಮಿಸ್?” ನಾನು “ಹಾಗೆಲ್ಲ ಮಾಡಬಾರದು” ಎಂದು ಹೇಳಿ ಕೂರಿಸಿದ್ದೆ. ಅದು ತುಂಟತನದ ಪ್ರಶ್ನೆ ಎಂದು ನನಗೆ ಅನ್ನಿಸಿತ್ತು.

ಮೂರನೇ ಅವಧಿಯ ಕೊನೆಯಲ್ಲಿ ಒಬ್ಬ ಹುಡುಗ ತಂತ್ರಾಂಶದಲ್ಲಿ ತನ್ನ ಹೆಸರನ್ನು ‘ಎಚ್.ಎಂ. ಸಾರ್’ ಎಂದು ಬದಲಿಸಿ, ಇನ್ನೊಂದು ಸಾಲಿನ ಹುಡುಗಿಗೆ ಕಳಿಸಿದ: ‘ನಿನ್ನ ಸ್ಕಾಲರ್‌ಶಿಪ್ ಅರ್ಜಿ ರಿಜೆಕ್ಟ್ ಆಗಿದೆ. ಆಫೀಸಿಗೆ ಬಾ.’ ಅವಳು ನನ್ನನ್ನು ಕೇಳದೆಯೇ ಎದ್ದು ಹೋದಳು. ಆ ವಾರವಷ್ಟೇ ಅವಳ ಅಪ್ಪ ಆದಾಯ ಪ್ರಮಾಣಪತ್ರಕ್ಕಾಗಿ ಎರಡು ದಿನ ಕೂಲಿ ಬಿಟ್ಟು ನಾಡಕಚೇರಿಗೆ ಓಡಾಡಿದ್ದರು ಎಂದು ನನಗೆ ಆಮೇಲೆ ತಿಳಿಯಿತು. ಕಚೇರಿಯಲ್ಲಿ ಯಾರೂ ಅವಳನ್ನು ಕರೆದಿರಲಿಲ್ಲ. ಹಿಂತಿರುಗಿ ಬಂದವಳು ಕುಳಿತಳು, ಮಾತಾಡಲಿಲ್ಲ. ಮೊದಲು ನಕ್ಕ ಮಕ್ಕಳು ಅವಳ ಮುಖ ನೋಡಿ ಸುಮ್ಮನಾದರು.

ಬೈದು ಮುಗಿಸುವುದು ಸುಲಭವಿತ್ತು. ಆದರೆ ತಪ್ಪು ನನ್ನ ಪಾಠ ಯೋಜನೆಯಲ್ಲೂ ಇತ್ತು. ಸಂದೇಶ ತಲುಪುವುದು ಹೇಗೆಂದು ಮೂರು ಅವಧಿ ಕಲಿಸಿದ್ದೆ. ಅದು ಯಾರಿಂದ ಬಂತೆಂದು ತಿಳಿಯುವುದು ಹೇಗೆಂಬ ಪ್ರಶ್ನೆ ಬಂದಾಗ ಬಾಯಿ ಮುಚ್ಚಿಸಿದ್ದೆ. 21ನೇ ಸಂಖ್ಯೆಯ ಹುಡುಗಿ ಕೇಳಿದ್ದು ಜಾಲದ ನಿಜವಾದ ದೋಷವನ್ನೇ. ಎಆರ್‌ಪಿಯಲ್ಲಿ ಉತ್ತರ ಕೊಟ್ಟವರು ನಿಜವಾಗಿ ಅವರೇ ಎಂದು ಪರೀಕ್ಷಿಸುವ ಏರ್ಪಾಡೇ ಇಲ್ಲ. ಯಾರು ‘ನಾನೇ 14’ ಎಂದರೂ ಕೇಳಿದ ಕಂಪ್ಯೂಟರ್ ನಂಬುತ್ತದೆ.

ಮರುದಿನ ಅರ್ಧ ಅವಧಿ ಬೇಡಿ ಪಡೆದೆ. ಮೊದಲು ಇಡೀ ತರಗತಿಯ ಮುಂದೆ 21ನೇ ಸಂಖ್ಯೆಯವಳಿಗೆ, “ನಿನ್ನ ಪ್ರಶ್ನೆ ಸರಿಯಾಗಿತ್ತು, ನಾನು ಕೇಳಿಸಿಕೊಳ್ಳಲಿಲ್ಲ” ಎಂದೆ. ಆಮೇಲೆ ಸಂದೇಶದಲ್ಲಿ ಏನೇನು ಗುರುತುಗಳಿವೆ ಎಂದು ಹುಡುಕಿಸಿದೆ. ಹೆಸರು ಯಾರು ಬೇಕಾದರೂ ಬರೆಯಬಹುದಾದ ಪಠ್ಯ. ಅದರ ಪಕ್ಕದಲ್ಲಿದ್ದ ಕಂಪ್ಯೂಟರಿನ ಹೆಸರು ಯಾವ ಮೇಜಿನಿಂದ ಬಂತೆಂದು ತೋರಿಸುತ್ತಿತ್ತು. ಆದರೆ ಅದನ್ನೂ, ಐಪಿ ವಿಳಾಸವನ್ನೂ, ತಂತ್ರಾಂಶದ ಮೂಲಕ ಮ್ಯಾಕ್ ವಿಳಾಸವನ್ನೂ ಬದಲಿಸಲು ಸಾಧ್ಯ. ಮೇಜು ಗೊತ್ತಾದರೂ ಅಲ್ಲಿ ಕೂತಿದ್ದವರು ಯಾರೆಂದು ಜಾಲಕ್ಕೆ ಗೊತ್ತಿಲ್ಲ.

ದೊಡ್ಡವರ ಕಚೇರಿಗಳೂ ಈ ಪಾಠವನ್ನು ಹೀಗೆಯೇ ಕಲಿತವು. ವಿಂಡೋಸ್ ಎನ್‌ಟಿ, 2000 ಮತ್ತು ಎಕ್ಸ್‌ಪಿಗಳಲ್ಲಿ ‘ನೆಟ್ ಸೆಂಡ್’ ಎಂಬ ಆದೇಶವಿತ್ತು. ಕಚೇರಿಯ ಯಾವ ಕಂಪ್ಯೂಟರಿನ ಪರದೆಗೂ ಅದರಿಂದ ಒಂದು ಸಾಲಿನ ಸಂದೇಶ ಕಳಿಸಬಹುದಿತ್ತು. ಇಂಟರ್ನೆಟ್ ಬೆಳೆದ ಮೇಲೆ ಅದೇ ಬಾಗಿಲಿನಿಂದ ಅಪರಿಚಿತರು ಜಾಹೀರಾತು ತುರುಕತೊಡಗಿದರು. 2004ರಲ್ಲಿ ಬಂದ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಆ ಸೇವೆಯನ್ನು ಮುಚ್ಚಿಟ್ಟಿತು. ಮುಂದಿನ ವಿಸ್ಟಾದಲ್ಲಿ ಅದನ್ನು ತೆಗೆದೇಹಾಕಿದರು.

ಇದಕ್ಕೆ ಎದುರಾದ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ, ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಪಹಣಿ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಆರಂಭದಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಅಲ್ಲಿ ದಾಖಲೆ ತಿದ್ದುವ ಸಿಬ್ಬಂದಿ ಬರೀ ಹೆಸರು ಬರೆದು ಒಳಗೆ ಹೋಗುವಂತಿರಲಿಲ್ಲ, ಬೆರಳಚ್ಚು ಕೊಡಬೇಕಿತ್ತು. “ಯಾಕೆ?” ಎಂದು ಕೇಳಿದೆ. ಮೊದಲು ಉತ್ತರಿಸಿದವನು ಸುಳ್ಳು ಸಂದೇಶ ಕಳಿಸಿದ್ದ ಹುಡುಗನೇ: “ಇಲ್ಲಾಂದ್ರೆ ಯಾರ್ ಬೇಕಾದ್ರೂ ತಹಶೀಲ್ದಾರ್ ಆಗ್ಬಹುದು ಮಿಸ್.” ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗಿಯ ಕಡೆ ತಿರುಗಿ “ಸಾರಿ” ಎಂದ. ಅವಳು ತಲೆಯಾಡಿಸಿದಳು. ಅವಳು ಕ್ಷಮಿಸಿದಳೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಅದು ಅವಳಿಗೆ ಬಿಟ್ಟದ್ದು.

ಆ ದಿನ ಮಕ್ಕಳು ತಾವೇ ಮೂರು ನಿಯಮ ಬರೆದು ಪ್ರಯೋಗಾಲಯದ ಬಾಗಿಲಿಗೆ ಅಂಟಿಸಿದರು: ಇನ್ನೊಬ್ಬರ ಹೆಸರಿನಲ್ಲಿ ಬರೆಯಬಾರದು. ಹೆದರಿಸುವ ಸುದ್ದಿ ಬಂದರೆ ಎದ್ದು ಹೋಗುವ ಮೊದಲು ಕಳಿಸಿದವರನ್ನು ನೇರವಾಗಿ ಕೇಳಬೇಕು. ಮುಖ್ಯವಾದದ್ದನ್ನು ಕಳಿಸಿ ಸುಮ್ಮನಿರಬಾರದು, ಓದಿದರೇ ಎಂದು ವಿಚಾರಿಸಬೇಕು. ಮೂರನೆಯ ನಿಯಮ ನನಗೆ ವಿಶೇಷವಾಗಿ ಹಿಡಿಸಿತು. ಯುಡಿಪಿಯಲ್ಲಿ ಸಂದೇಶ ತಲುಪಿತೆಂಬ ರಸೀದಿಯೇ ಬರುವುದಿಲ್ಲ. ಟಿಸಿಪಿಯಲ್ಲಿ ಬರುತ್ತದೆ, ಆದರೆ ಅದು ಯಂತ್ರಕ್ಕೆ ತಲುಪಿದ್ದಕ್ಕೆ ರಸೀದಿ, ಮನುಷ್ಯ ಓದಿದ್ದಕ್ಕಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠವನ್ನು ಕೈಗೆತ್ತಿಕೊಳ್ಳುವವರಿಗೆ ನನ್ನ ಅನುಭವದಿಂದ ಕೆಲವು ಮಾತು. ಇಂಟರ್ನೆಟ್ ಇದ್ದರೂ ಈ ಪಾಠಕ್ಕೆ ಅದರ ತಂತಿಯನ್ನು ಕಿತ್ತಿಟ್ಟು ಶುರುಮಾಡಿ, ತಪ್ಪು ತಿಳಿವಳಿಕೆ ಆ ಕ್ಷಣದಲ್ಲೇ ಹೊರಬೀಳುತ್ತದೆ. 5ಇ ಮಾದರಿಯ ಮೊದಲ ಎರಡು ಹಂತಗಳಿಗೆ ಚೀಟಿ ಆಟವೇ ಸಾಕು. ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಅದನ್ನು ಆಡಿಸಬಹುದು. ಆಟವಾಡದ ಮಕ್ಕಳಿಗೆ ‘ಈ ಚೀಟಿಯನ್ನು ಯಾರು ಯಾರು ನೋಡಿದರು?’ ಎಂದು ಗುರುತಿಸುವ ಕೆಲಸ ಕೊಡಿ. ಕಂಪ್ಯೂಟರಿನ ಅವಧಿಗೆ ಹಿಂದಿನ ದಿನವೇ ಪ್ರತಿ ಯಂತ್ರದ ವಿಳಾಸ, ಫೈರ್‌ವಾಲ್, ಯುನಿಕೋಡ್ ಬೆರಳಚ್ಚು ಇವುಗಳನ್ನು ಪರೀಕ್ಷಿಸಿಕೊಳ್ಳಿ. ‘ಯಾರಿಂದ ಬಂತು?’ ಎಂಬ ಪ್ರಶ್ನೆಯನ್ನು ಕೊನೆಗೆ ಇಡಬೇಡಿ, ಮೊದಲ ಸಂದೇಶದ ಜೊತೆಗೇ ಕೇಳಿ.

ಮೌಲ್ಯಮಾಪನಕ್ಕೆ ನಾನು ಕೊಟ್ಟ ಪ್ರಶ್ನೆ ಒಂದೇ: ‘ಶಾಲೆಯ ಇಂಟರ್ನೆಟ್ ಕೆಟ್ಟಿದೆ. ಆದರೂ ನಿನ್ನ ಪರದೆಗೆ ಮುಖ್ಯ ಶಿಕ್ಷಕರ ಹೆಸರಿನಲ್ಲಿ ಸಂದೇಶ ಬಂದಿದೆ. ಇದು ಸಾಧ್ಯವೇ? ನೀನೇನು ಮಾಡುವೆ?’ ಮೊದಲ ಭಾಗಕ್ಕೆ ಹೆಚ್ಚಿನವರು ಸರಿಯಾಗಿ ಬರೆದರು. ಎರಡನೆಯ ಭಾಗಕ್ಕೆ ಆ ಹುಡುಗಿ ಬರೆದದ್ದು ಹೀಗೆ: ‘ಸಾಧ್ಯ. ಮೊದಲು ಮಿಸ್‌ಗೆ ತೋರಿಸುತ್ತೇನೆ. ಆಮೇಲೆ ಆಫೀಸಿಗೆ ಹೋಗುತ್ತೇನೆ.’ ಪೂರ್ಣ ಅಂಕ ಕೊಟ್ಟೆ.